ಆನಿಮೇಶನ್ ತೋರಿಸಿದೆ, ತಲೆಗೆ ಹತ್ತಲಿಲ್ಲ: ಕೆಮಿಸ್ಟ್ರಿ ಪಾಠದಲ್ಲಿ ಕಂಪ್ಯೂಟರ್ ಬಳಸುವುದು ಹೇಗೆ?

ಎರಡನೇ ಬೆಂಚು

ಎಲ್ಲರಿಗೂ ನಮಸ್ಕಾರ. ಕೆಮಿಸ್ಟ್ರಿ ಪಾಠ ಮಾಡಲು ಶುರು ಮಾಡಿ ಹದಿನಾಲ್ಕು ವರ್ಷ ಆಯಿತು. ನಮ್ಮಲ್ಲಿ 20 ಕಂಪ್ಯೂಟರ್ ಇರುವ ಒಂದು ಕೋಣೆ ಇದೆ. ಇಷ್ಟು ದಿನ ಕಂಪ್ಯೂಟರ್ ಸೈನ್ಸ್‌ನವರು ಬಿಟ್ಟರೆ ಬೇರೆ ಯಾರೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ಈಗ ಮೇಲಿನವರು, ಎಲ್ಲ ವಿಷಯದವರೂ ಅದನ್ನು ಬಳಸಬೇಕು, ಹೇಗೆ ಬಳಸುತ್ತೀರಿ ಅಂತ ಬರೆದುಕೊಡಿ ಎಂದಿದ್ದಾರೆ. ಕೆಮಿಸ್ಟ್ರಿಯ ಪಾಲು ನನ್ನ ಹೆಗಲಿಗೆ ಬಿದ್ದಿದೆ.

ಸಹೋದ್ಯೋಗಿಗಳನ್ನು ಕೇಳಿದರೆ "ಪವರ್‌ಪಾಯಿಂಟ್ ಹಾಕ್ತೀವಲ್ಲ, ಇನ್ನೇನು ಬೇಕು?" ಅನ್ನುತ್ತಾರೆ.

ನನಗೆ ಉತ್ಸಾಹ ಇಲ್ಲ ಅಂತಲ್ಲ. ಹೋದ ವರ್ಷ ಘನ, ದ್ರವ, ಅನಿಲದ ಪಾಠಕ್ಕೆ ಒಂದು ಚೆಂದದ ಆನಿಮೇಶನ್ ತೋರಿಸಿದೆ. ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದರು. ಮರುವಾರ ಟೆಸ್ಟಿನಲ್ಲಿ ಒಂದು ಪ್ರಶ್ನೆ ಕೊಟ್ಟೆ: ನೀರು ಕುದಿಯುವಾಗ ಏಳುವ ಗುಳ್ಳೆಯೊಳಗೆ ಏನಿರುತ್ತದೆ, ಚಿತ್ರ ಬರೆಯಿರಿ. ಅರ್ಧಕ್ಕಿಂತ ಜಾಸ್ತಿ ಜನ ಹೈಡ್ರೋಜನ್ ಒಂದು ಕಡೆ, ಆಕ್ಸಿಜನ್ ಒಂದು ಕಡೆ ಬರೆದಿದ್ದರು! ನೀರು ಆವಿಯಾದರೆ ಅಣುವೇ ಒಡೆದುಹೋಗುತ್ತದೆ ಅಂತ ಅವರ ಲೆಕ್ಕ. ಅದೇ ಆನಿಮೇಶನ್‌ನಲ್ಲಿ ನೀರಿನ ಅಣುಗಳು ಇಡಿಯಾಗಿಯೇ ಹಾರಿಹೋಗುವುದನ್ನು ಎರಡು ಸಲ ತೋರಿಸಿದ್ದೆ.

ಹಾಗಾಗಿ ಕೇಳುತ್ತಿದ್ದೇನೆ. ನಮ್ಮ ವಿಷಯದಲ್ಲಿ ಕಂಪ್ಯೂಟರ್ ನಿಜವಾಗಿ ಎಲ್ಲಿ ಕೆಲಸಕ್ಕೆ ಬರುತ್ತದೆ? ನೀವು ಮಾಡಿ ನೋಡಿದ್ದನ್ನು ಹೇಳಿ, ಕೇಳಿದ್ದು ಬೇಡ.

ಹಳೇ ಬ್ಯುರೆಟ್

ನಾನು ನಿವೃತ್ತಿಗೆ ಹತ್ತಿರ ಇರುವವನು, ಹಾಗಾಗಿ ನೇರವಾಗಿ ಹೇಳುತ್ತೇನೆ. ಕೆಮಿಸ್ಟ್ರಿ ಕೈಯಲ್ಲಿ ಕಲಿಯುವ ವಿದ್ಯೆ. ಪರದೆ ಮೇಲಿನ ಬ್ಯುರೆಟ್‌ನ (ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ) ತಿರುಪು ಸೋರುವುದಿಲ್ಲ. ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಳ್ಳುವುದಿಲ್ಲ. ಪಿಪೆಟ್ ತೊಳೆಯದೆ ಬಳಸಿದರೂ ಉತ್ತರ ಸರಿ ಬರುತ್ತದೆ. ಅಮೋನಿಯದ ಘಾಟು ಒಂದು ಸಲ ಮೂಗಿಗೆ ಬಡಿದವನು ಸಾಯುವ ತನಕ ಅದನ್ನು ಮರೆಯುವುದಿಲ್ಲ. ಮೌಸ್‌ನಿಂದ ಅದು ಬರುತ್ತದಾ?

ವರ್ಚುವಲ್ ಲ್ಯಾಬ್ ಅನ್ನೋದು ಲ್ಯಾಬ್‌ಗೆ ದುಡ್ಡು ಕೊಡದೇ ಇರಲು ಸಿಕ್ಕ ನೆಪ. ನನ್ನ ಅನುಭವದಲ್ಲಿ ಅಷ್ಟೇ.

ಅಣುರೇಣು

ಬ್ಯುರೆಟ್ ಸರ್, ಲ್ಯಾಬ್‌ನ ಜಾಗಕ್ಕೆ ಕಂಪ್ಯೂಟರ್ ತಂದು ಕೂರಿಸಬಾರದು ಅನ್ನೋದು ಸರಿ. ಆದರೆ ಎರಡನೇ ಬೆಂಚಿನವರ ಗುಳ್ಳೆ ಪ್ರಶ್ನೆಗೆ ಲ್ಯಾಬ್‌ನಲ್ಲೂ ಉತ್ತರ ಸಿಗುವುದಿಲ್ಲ ಅಲ್ವಾ? ಬೀಕರ್‌ನಲ್ಲಿ ನೂರು ಸಲ ನೀರು ಕುದಿಸಿದರೂ ಅಣು ಕಾಣುವುದಿಲ್ಲ.

ಅಲೆಕ್ಸ್ ಜಾನ್‌ಸ್ಟನ್ ಅನ್ನುವವರು 1991ರಲ್ಲಿ ಒಂದು ತ್ರಿಕೋನ ಬರೆದು ತೋರಿಸಿದ್ದರು. ಕೆಮಿಸ್ಟ್ರಿ ಪಾಠ ಮಾಡುವವರಲ್ಲಿ ಇದು ಹೆಸರುವಾಸಿ. ಒಂದು ಮೂಲೆಯಲ್ಲಿ ಕಣ್ಣಿಗೆ ಕಾಣುವುದು: ಬಣ್ಣ, ವಾಸನೆ, ಗುಳ್ಳೆ, ತಳಕ್ಕಿಳಿಯುವ ಗಸಿ. ಇನ್ನೊಂದರಲ್ಲಿ ಕಾಣದ ಕಣಗಳು. ಮೂರನೆಯದರಲ್ಲಿ ಚಿಹ್ನೆ, ಸಮೀಕರಣ, ಲೆಕ್ಕ. ಕಲಿತವರು ಈ ಮೂರರ ನಡುವೆ ಯೋಚನೆಯೇ ಇಲ್ಲದೆ ಓಡಾಡುತ್ತೇವೆ. ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತ, ಬಾಯಲ್ಲಿ ಅಣುವಿನ ಮಾತಾಡುತ್ತ, ಕೈಯಲ್ಲಿ ಟೆಸ್ಟ್ ಟ್ಯೂಬ್ ಅಲ್ಲಾಡಿಸುತ್ತೇವೆ. ಹೊಸಬನಿಗೆ ಮೂರೂ ಒಟ್ಟಿಗೆ ಮೇಲೆ ಬಿದ್ದಂತಾಗುತ್ತದೆ.

ಮೊದಲ ಮೂಲೆ ಲ್ಯಾಬಿನದು. ಮೂರನೆಯದು ಬೋರ್ಡಿನದು. ನಡುವಿನ ಕಾಣದ ಮೂಲೆಗೆ ಇಷ್ಟು ದಿನ ನಮ್ಮ ಹತ್ತಿರ ಏನೂ ಇರಲಿಲ್ಲ. ಕಂಪ್ಯೂಟರಿನ ಜಾಗ ಅಲ್ಲಿದೆ.

ನಿಮ್ಮ ಆನಿಮೇಶನ್ ಯಾಕೆ ಸೋತಿತು ಅಂದರೆ, ಹುಡುಗರು ಅದನ್ನು ಸಿನಿಮಾದ ಥರ ನೋಡಿದರು. ಅವರ ತಲೆಯಲ್ಲಿ ಮೊದಲೇ ಒಂದು ಚಿತ್ರ ಇತ್ತು. ಅದನ್ನು ಯಾರೂ ಹೊರಗೆ ತೆಗೆಸಲಿಲ್ಲ. ನಾನು ಈಗ ಮಾಡುವುದು ಹೀಗೆ. ಮೊದಲು ಹಾಳೆ, ಪೆನ್ಸಿಲ್. ಗುಳ್ಳೆ ಬರೆಯಿರಿ, ಒಳಗೆ ಏನಿದೆ ಬರೆಯಿರಿ, ಹೆಸರು ಹಾಕಿ. ಪಕ್ಕದವರಿಗೆ ತೋರಿಸಿ ಜಗಳ ಆಡಿ. ಆಮೇಲೆ ಸಿಮ್ಯುಲೇಶನ್ (ನಾವೇ ಬದಲಿಸಿ ನೋಡಬಹುದಾದ ಕಂಪ್ಯೂಟರ್ ಮಾದರಿ) ತೆಗೆಯಿರಿ, ಬಿಸಿ ಏರಿಸಿ, ನಿಮ್ಮ ಚಿತ್ರದ ಜೊತೆ ಹೋಲಿಸಿ. ತಪ್ಪಿದ್ದರೆ ಅಳಿಸಬೇಡಿ, ಪಕ್ಕದಲ್ಲೇ ಹೊಸದು ಬರೆಯಿರಿ. ತನ್ನ ಚಿತ್ರ ತಪ್ಪಾಯಿತು ಅಂತ ತಾನೇ ಕಂಡುಕೊಂಡ ಹುಡುಗಿ ಅದನ್ನು ಮರೆಯುವುದಿಲ್ಲ. ಬ್ಯುರೆಟ್ ಸರ್ ಹೇಳಿದ ಅಮೋನಿಯದ ಘಾಟಿನ ಹಾಗೆಯೇ.

ಕೊಲರಾಡೋ ಬೌಲ್ಡರ್ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳು ಇದಕ್ಕೆ ಸಾಕು. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೈಮನ್ 2002ರಲ್ಲಿ ಶುರು ಮಾಡಿದ್ದು. ಉಚಿತ. ಕೆಮಿಸ್ಟ್ರಿಗೆ ಬೇಕಾದಷ್ಟಿವೆ: ದ್ರವ್ಯದ ಸ್ಥಿತಿಗಳು, ಅಣುಗಳ ಆಕಾರ, ಸಮೀಕರಣ ಸರಿದೂಗಿಸುವುದು, ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಅಂದರೆ ಆಮ್ಲ, ಜಾಸ್ತಿ ಅಂದರೆ ಕ್ಷಾರ).

ಮೋಲ್ ಲೆಕ್ಕ

ಮೊದಲು ಪೆನ್ಸಿಲ್, ಆಮೇಲೆ ಮೌಸ್. ಇದನ್ನು ಕೋಣೆ ಬಾಗಿಲಿಗೆ ಅಂಟಿಸಿ.

ಬಿ ಕಾಲಂ

ಎಲ್ಲರೂ ಸಿಮ್ಯುಲೇಶನ್ ಕಡೆಗೇ ಹೋಗುತ್ತಿದ್ದೀರಿ. ಎಲ್ಲ ಕಂಪ್ಯೂಟರಿನಲ್ಲೂ ಆಗಲೇ ಕೂತಿರುವ ಸ್ಪ್ರೆಡ್‌ಶೀಟ್‌ನ ಮಾತೇ ಯಾರೂ ಎತ್ತುತ್ತಿಲ್ಲ. ನನ್ನ ಪ್ರಕಾರ ಕೆಮಿಸ್ಟ್ರಿಗೆ ಅದಕ್ಕಿಂತ ಒಳ್ಳೆಯ ಸಾಫ್ಟ್‌ವೇರ್ ಇಲ್ಲ. (ಹೆಸರು ನೋಡಿದರೆ ಗೊತ್ತಾಗುತ್ತೆ, ನಾನು ಸ್ವಲ್ಪ ಆ ಪಕ್ಷದವನು.)

ಟೈಟ್ರೇಶನ್‌ನ, ಅಂದರೆ ಆಮ್ಲಕ್ಕೆ ಕ್ಷಾರವನ್ನು ಅಳೆದು ಹಾಕುತ್ತ ಹೋಗುವುದರ, ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. 25 ಮಿ.ಲೀ. ಹೈಡ್ರೋಕ್ಲೋರಿಕ್ ಆಮ್ಲ, 0.1 ಮೋಲಾರ್. ಬ್ಯುರೆಟ್‌ನಲ್ಲಿ ಅಷ್ಟೇ ಸಾಂದ್ರತೆಯ ಕ್ಷಾರ, ಸೋಡಿಯಂ ಹೈಡ್ರಾಕ್ಸೈಡ್. ಶುರುವಿನಲ್ಲಿ ಪಿಎಚ್ 1, ಕೊನೆಗೆ 7 ದಾಟುತ್ತದೆ. ಇಷ್ಟು ಹೇಳಿ ಒಂದೇ ಪ್ರಶ್ನೆ ಕೇಳುತ್ತೇನೆ: ಅರ್ಧ ದಾರಿಯಲ್ಲಿ, ಅಂದರೆ 12.5 ಮಿ.ಲೀ. ಹಾಕಿದಾಗ, ಪಿಎಚ್ ಎಷ್ಟು? ಎಲ್ಲರೂ 4 ಅನ್ನುತ್ತಾರೆ. 1 ಮತ್ತು 7ರ ಮಧ್ಯ ಅಲ್ವಾ, ಅದಕ್ಕೆ.

ಈಗ ಶೀಟ್ ತೆಗೆಯುತ್ತೇವೆ. ಎ ಕಾಲಂನಲ್ಲಿ ಹಾಕಿದ ಕ್ಷಾರದ ಮಿ.ಲೀ. ಬಿ ಕಾಲಂನಲ್ಲಿ ಉಳಿದ ಆಮ್ಲದ ಪ್ರಮಾಣ, ಮಿಲಿಮೋಲ್‌ನಲ್ಲಿ. ಸಿ ಕಾಲಂನಲ್ಲಿ ಒಟ್ಟು ಪರಿಮಾಣ. ಡಿ ಕಾಲಂನಲ್ಲಿ ಪಿಎಚ್. ಸೂತ್ರಗಳನ್ನು ಅವರೇ ಬರೆಯಬೇಕು, ನಾನು ಕೊಡುವುದಿಲ್ಲ. ಕೆಳಕ್ಕೆ ಎಳೆದರೆ 12.5ರ ಎದುರಿಗೆ 1.48 ಬರುತ್ತದೆ. "ಸೂತ್ರ ತಪ್ಪಾಗಿದೆ ಸರ್" ಅಂತ ಕೂಗು. ತಪ್ಪಿಲ್ಲ, ನೋಡಿ. 20 ಮಿ.ಲೀ.ನಲ್ಲಿ 1.95. 24ರಲ್ಲಿ ಕೂಡ ಬರೀ 2.69. ನಂತರ 24.95ಕ್ಕೆ 4.0, 25.05ಕ್ಕೆ 10.0! ಬ್ಯುರೆಟ್‌ನ ಒಂದು ಹನಿ ಸುಮಾರು 0.05 ಮಿ.ಲೀ. ಅಂದರೆ 24 ಮಿ.ಲೀ. ಸುರಿದರೂ ಎರಡು ಮೆಟ್ಟಿಲು ಹತ್ತದ ಪಿಎಚ್, ಎರಡೇ ಹನಿಗೆ ಆರು ಮೆಟ್ಟಿಲು ಹಾರುತ್ತದೆ.

ಇನ್ನೊಂದು ಮಜಾ ಇದೆ. ಸರಿಯಾಗಿ 25.00 ಹಾಕಿದರೆ ಶೀಟ್ ಎರರ್ ತೋರಿಸುತ್ತದೆ. ಪಿಎಚ್ ಲೆಕ್ಕ ಹಾಕುವುದು ಲಾಗ್‌ನಿಂದ; ಉಳಿದ ಆಮ್ಲ ಸೊನ್ನೆ, ಸೊನ್ನೆಗೆ ಲಾಗ್ ಇಲ್ಲ. "ಹಾಗಾದರೆ ಪಿಎಚ್ ಇಲ್ಲವೇ?" ಅಂತ ಕೇಳಿ ಸುಮ್ಮನೆ ನಿಲ್ಲುತ್ತೇನೆ. ಯಾರಾದರೂ ಒಬ್ಬರು "ನೀರು ಇದೆಯಲ್ಲ ಸರ್" ಅನ್ನುವ ತನಕ ಕಾಯುವುದು. ನೀರು ತಾನೇ ಸ್ವಲ್ಪ ಅಯಾನುಗಳಾಗಿ ಒಡೆಯುತ್ತದೆ ಅನ್ನುವ ಪಾಠ ಅಲ್ಲಿ ಪುಸ್ತಕದಿಂದ ಬರುವುದಿಲ್ಲ, ಆ ಎರರ್‌ನಿಂದ ಬರುತ್ತದೆ.

ಮುಂದಿನ ವಾರ ಆಮ್ಲ ಬದಲಿಸಿ, ಅಸಿಟಿಕ್ ಆಮ್ಲ. ಈಗ 12.5ರಲ್ಲಿ 4.76, ಅಂದರೆ ಅದರ ಪಿಕೆಎ (ಆಮ್ಲ ಎಷ್ಟು ದುರ್ಬಲ ಅಂತ ಹೇಳುವ ಅಂಕಿ). 25ರಲ್ಲಿ 7 ಅಲ್ಲ, 8.7. ಇಂಡಿಕೇಟರ್‌ಗಳ, ಅಂದರೆ ಪಿಎಚ್ ಬದಲಾದಾಗ ಬಣ್ಣ ಬದಲಿಸುವ ವಸ್ತುಗಳ, ವ್ಯಾಪ್ತಿಯನ್ನು ಅದೇ ಗ್ರಾಫ್ ಮೇಲೆ ಪಟ್ಟಿ ಎಳೆದು ತೋರಿಸಿ. ಫಿನಾಲ್ಫ್ಥಲೀನ್ 8.2ರಿಂದ 10, ಎಂಡ್ ಪಾಯಿಂಟ್ (ಆಮ್ಲ ಪೂರ್ತಿ ಮುಗಿಯುವ ಹಂತ) ಮೇಲೆ ಸರಿಯಾಗಿ ಕೂರುತ್ತದೆ. ಮೀಥೈಲ್ ಆರೆಂಜ್ 3.1ರಿಂದ 4.4. ಅದು 8 ಮಿ.ಲೀ. ಆಗುವ ಮೊದಲೇ ಬಣ್ಣ ಬದಲಿಸಿ ಮುಗಿಸಿರುತ್ತದೆ. "ದುರ್ಬಲ ಆಮ್ಲಕ್ಕೆ ಮೀಥೈಲ್ ಆರೆಂಜ್ ಬಳಸಬಾರದು" ಅಂತ ಬಾಯಿಪಾಠ ಮಾಡಿಸುವ ಕೆಲಸವೇ ಇಲ್ಲ.

ಹಳೇ ಬ್ಯುರೆಟ್

ಕಾಲಂ ಸ್ವಾಮಿಗಳೇ, ಇದು ಬೇರೆ ವಿಷಯ. "ಕೊನೆಗೆ ಹನಿಹನಿಯಾಗಿ ಬಿಡ್ರೋ" ಅಂತ ಮೂವತ್ತು ವರ್ಷ ಗಂಟಲು ಹರಿದುಕೊಂಡಿದ್ದೇನೆ. ಯಾಕೆ ಅಂತ ಒಂದು ಸಲವೂ ಅಂಕಿ ಇಟ್ಟು ತೋರಿಸಲಿಲ್ಲ. ಕೈಯಲ್ಲಿ ಇಷ್ಟು ಸಾಲು ಲೆಕ್ಕ ಮಾಡುತ್ತ ಕೂರಲು ಪೀರಿಯಡ್ ಎಲ್ಲಿ ಸಾಲುತ್ತದೆ?

ಆದರೂ ಕೇಳುತ್ತೇನೆ. ಇದನ್ನು ಮಾಡಿದವನು ನಿಜವಾದ ಬ್ಯುರೆಟ್ ಹಿಡಿದಾಗ ಎಂಡ್ ಪಾಯಿಂಟ್ ದಾಟಿಸದೆ ನಿಲ್ಲಿಸುತ್ತಾನಾ?

ಬಿ ಕಾಲಂ

ಒಂದೇ ಸಲಕ್ಕೆ ಇಲ್ಲ ಸರ್. ಕೈ ಪಳಗುವುದು ಬೇರೆಯೇ. ಆದರೆ ದಾಟಿಸಿದಾಗ ಏನಾಯಿತು ಅಂತ ಅವನಿಗೆ ಗೊತ್ತಿರುತ್ತದೆ. ಮೊದಲೆಲ್ಲ "ಪಿಂಕ್ ಜಾಸ್ತಿ ಆಯ್ತು" ಅಷ್ಟೇ.

ಲಾಗಿನ್ ಮರೆತವ

ಕೆಂಪು ಆಕ್ಸಿಜನ್ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಅವೊಗಾಡ್ರೋ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದು ತಿಂಗಳು ಅಣುಗಳನ್ನು ಕಟ್ಟಿಸಿದೆ. ಎಲ್ಲ ಚೆನ್ನಾಗಿತ್ತು. ಆಮೇಲೆ ಒಬ್ಬಳು ಕೇಳಿದಳು: "ಆಕ್ಸಿಜನ್ ಕೆಂಪಾದರೆ ಗಾಳಿ ಯಾಕೆ ಕೆಂಪಿಲ್ಲ?"

ನಗಬೇಡಿ. ತಪ್ಪು ನನ್ನದೇ. ಇಂಗಾಲ ಕಪ್ಪು ಅಥವಾ ಬೂದು, ಹೈಡ್ರೋಜನ್ ಬಿಳಿ, ಆಕ್ಸಿಜನ್ ಕೆಂಪು, ನೈಟ್ರೋಜನ್ ನೀಲಿ. ಇದು ಬರೀ ಒಪ್ಪಂದ. ಕೋರಿ, ಪೌಲಿಂಗ್, ಕೋಲ್ಟನ್ ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಸಿಪಿಕೆ ಬಣ್ಣಗಳು ಅನ್ನುತ್ತಾರೆ. ಒಂದೇ ಪರಮಾಣುವಿಗೆ ಬಣ್ಣ ಅನ್ನೋದೇ ಇಲ್ಲ ಅಂತ ನಾನು ಹೇಳಿರಲೇ ಇಲ್ಲ. ಬಂಧದ ಕಡ್ಡಿಯೂ ಹಾಗೇ. "ಸರ್, ಆ ಕಡ್ಡಿ ಯಾವುದರಿಂದ ಮಾಡಿದ್ದು?" ಅಂತಲೂ ಬಂದಿದೆ.

ಈಗ ಮೊದಲ ದಿನವೇ ಒಂದೇ ನೀರಿನ ಅಣುವನ್ನು ಮೂರು ಥರ ತೋರಿಸುತ್ತೇನೆ. ಉಂಡೆ-ಕಡ್ಡಿ, ಒಂದರೊಳಗೊಂದು ಹೂತ ಉಂಡೆಗಳು, ಬರೀ ಗೆರೆ. ಆಮೇಲೆ ಬಣ್ಣಗಳನ್ನು ಅವರ ಕೈಯಲ್ಲೇ ಬದಲಿಸಿಸುತ್ತೇನೆ. ಹಸಿರು ಆಕ್ಸಿಜನ್, ನೇರಳೆ ಹೈಡ್ರೋಜನ್. ಕೋನ ಮಾತ್ರ 104.5 ಡಿಗ್ರಿಯೇ ಇರುತ್ತದೆ. ಯಾವುದು ನಿಜ, ಯಾವುದು ನಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು ಅಂತ ಅವರೇ ಬೇರೆ ಮಾಡುತ್ತಾರೆ.

ಅಂದ ಹಾಗೆ, ಆಕಾರದ ಪಾಠಕ್ಕೆ ಕಂಪ್ಯೂಟರ್ ಮೊದಲು ನಾಲ್ಕು ಬಲೂನ್ ಊದಿ ಬಾಯಿ ಸೇರಿಸಿ ಕಟ್ಟಿ. ತಾವಾಗೇ ಮೀಥೇನ್‌ನ ಆಕಾರಕ್ಕೆ ತಿರುಗುತ್ತವೆ. ಅದನ್ನು ಯಾವ ಪರದೆಯೂ ಮೀರಿಸಲ್ಲ.

ಗಸಿ

ನಾನು ಪಾಠ ಮಾಡುವವಳಲ್ಲ, ಕಲಿಯುತ್ತಿರುವವಳು. ಬೆಂಚಿನ ಈ ಕಡೆಯಿಂದ ಎರಡು ಮಾತು.

ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ದಪ್ಪ ಗೆರೆ ಅಂದರೆ ನಮ್ಮ ಕಡೆಗೆ, ಚುಕ್ಕಿ ಗೆರೆ ಅಂದರೆ ಹಿಂದಕ್ಕೆ ಅಂತಾರಲ್ಲ, ನನಗೆ ಒಂದು ವರ್ಷ ಅದು ಕಾಣಲೇ ಇಲ್ಲ. ಎಲ್ಲರಿಗೂ ಕಾಣುತ್ತೆ, ನನಗೊಬ್ಬಳಿಗೇ ಇಲ್ಲ ಅಂದುಕೊಂಡಿದ್ದೆ. ಅಣುಗಳನ್ನು ತಿರುಗಿಸಿ ನೋಡುವ ಜೆಮಾಲ್ ಸಾಫ್ಟ್‌ವೇರ್‌ನಲ್ಲಿ ಕಾರ್ವೋನ್ ಅನ್ನುವ ಅಣುವಿನ ಎರಡು ಕನ್ನಡಿ ರೂಪಗಳನ್ನು ಅಕ್ಕಪಕ್ಕ ಇಟ್ಟು ತಿರುಗಿಸಿ ತಿರುಗಿಸಿ ನೋಡಿದೆ. ಒಂದರ ಮೇಲೆ ಒಂದು ಕೂರಿಸಲು ಅರ್ಧ ಗಂಟೆ ಪ್ರಯತ್ನಪಟ್ಟೆ. ಕೂರುವುದೇ ಇಲ್ಲ! ಎಡಗೈ ಗ್ಲೌಸ್ ಬಲಗೈಗೆ ಹಾಕಿದ ಹಾಗೆ. ಒಂದು ಪುದೀನ ಜಾತಿಯ ವಾಸನೆ, ಇನ್ನೊಂದು ಶಾಹಿ ಜೀರಿಗೆ ವಾಸನೆ. ಮೂಗಿಗೆ ಗೊತ್ತಾಗುವ ವ್ಯತ್ಯಾಸ ನನ್ನ ಕಣ್ಣಿಗೆ ಆ ದಿನ ಗೊತ್ತಾಯಿತು.

ಇನ್ನೊಂದು ದೂರು. ನಮಗೆ ಕೊಡುವ ವರ್ಚುವಲ್ ಲ್ಯಾಬ್‌ಗಳಲ್ಲಿ ಸುಮಾರು "ಮುಂದೆ, ಮುಂದೆ, ಮುಂದೆ" ಒತ್ತುವುದಷ್ಟೇ. ತಪ್ಪು ಮಾಡಲು ಬಿಡುವುದೇ ಇಲ್ಲ. ಕೊನೆಗೆ ಸರಿ ಉತ್ತರ ಅದೇ ಕೊಡುತ್ತದೆ. ಅದರಿಂದ ಕಲಿತದ್ದು ವೇಗವಾಗಿ ಒತ್ತುವುದು.

ಅಣುರೇಣು

ಗಸಿ ಅವರೇ, ನಿಮ್ಮ ದೂರು ನೂರಕ್ಕೆ ನೂರು ನಿಜ. ಲ್ಯಾಬ್ ಆಯ್ಕೆ ಮಾಡುವಾಗ ನಾನು ನೋಡುವುದು ಅದನ್ನೇ: ಇದರಲ್ಲಿ ಹುಡುಗರು ತಪ್ಪು ಮಾಡಬಹುದಾ? ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೆಮ್‌ಕಲೆಕ್ಟಿವ್ ವರ್ಚುವಲ್ ಲ್ಯಾಬ್‌ನಲ್ಲಿ ಯಾವುದನ್ನು ಯಾವುದಕ್ಕೆ ಬೇಕಾದರೂ ಸುರಿಯಬಹುದು. "ಈ ಸಾಂದ್ರತೆಯ ದ್ರಾವಣ ಮಾಡು" ಅನ್ನುತ್ತದೆ, ದಾರಿ ಹೇಳುವುದಿಲ್ಲ. ಹಾಳಾದರೆ ಹೊಸ ಫ್ಲಾಸ್ಕ್. ನಿಜವಾದ ಲ್ಯಾಬ್‌ಗೆ ಹೋಗುವ ಹಿಂದಿನ ದಿನ ಇದನ್ನು ಮಾಡಿಸುತ್ತೇನೆ, ಬದಲಿಗಲ್ಲ.

ಮೋಲ್ ಲೆಕ್ಕ

20 ಕಂಪ್ಯೂಟರ್ ಇರುವವರು ಪುಣ್ಯವಂತರು. ನನ್ನ ಹತ್ತಿರ ಇರುವುದು ಒಂದು, ಜೊತೆಗೆ ಪ್ರೊಜೆಕ್ಟರ್. ಇಂಟರ್‌ನೆಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಫೆಟ್‌ನ ಈಗಿನ ಸಿಮ್ಯುಲೇಶನ್‌ಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ಓಡುತ್ತವೆ. ಒಂದೇ ಕಂಪ್ಯೂಟರ್ ಇದ್ದರೆ ಮೌಸ್ ನಾನು ಮುಟ್ಟುವುದಿಲ್ಲ. ಒಬ್ಬ ಹುಡುಗ ಕೂರುತ್ತಾನೆ, ಉಳಿದವರು "ಈಗ ಹೀಗಾಗುತ್ತೆ" ಅಂತ ಕೈ ಎತ್ತಿ ಪಣ ಕಟ್ಟುತ್ತಾರೆ, ಆಮೇಲೆ ಅವನು ಒತ್ತುತ್ತಾನೆ.

ಇನ್ನೊಂದು ಎಚ್ಚರಿಕೆ, ಸುಟ್ಟುಕೊಂಡವನ ಮಾತು. ವರ್ಷಗಟ್ಟಲೆ ಕೂಡಿಟ್ಟ ಫ್ಲ್ಯಾಶ್ ಆನಿಮೇಶನ್‌ಗಳು 2020ರ ಕೊನೆಗೆ ಫ್ಲ್ಯಾಶ್ ನಿಂತ ಮೇಲೆ ಒಂದೂ ತೆರೆಯಲಿಲ್ಲ. ಅದಕ್ಕೂ ಮೊದಲು ಬ್ರೌಸರ್‌ಗಳು ಜಾವಾ ಬಿಟ್ಟಾಗ ಹಳೆಯ ಜೆಮಾಲ್ ಪುಟಗಳೂ ಹಾಗೇ ಸತ್ತವು. ಜೆಮಾಲ್‌ನವರು ಜೆಎಸ್‌ಮಾಲ್ ಮಾಡಿಕೊಂಡು ಬದುಕಿದರು, ನನ್ನ ಪಾಠಗಳು ಬದುಕಲಿಲ್ಲ. ಹಾಗಾಗಿ ಪ್ಲಾನ್‌ನಲ್ಲಿ ಸಾಫ್ಟ್‌ವೇರ್ ಹೆಸರಿಗಿಂತ ಪ್ರಶ್ನೆಗಳನ್ನು ಜಾಸ್ತಿ ಬರೆಯಿರಿ.

ಎರಡನೇ ಬೆಂಚು

ಅಬ್ಬಾ, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಒಂದು ತೊಡಕು ಉಳಿದಿದೆ. "ಕೆಮಿಸ್ಟ್ರಿಗೂ ಕಂಪ್ಯೂಟರಿಗೂ ಏನು ಸಂಬಂಧ?" ಅನ್ನುವ ಸಹೋದ್ಯೋಗಿಗಳಿಗೆ ಏನು ಹೇಳಲಿ?

ಲಾಗಿನ್ ಮರೆತವ

ನೊಬೆಲ್ ಪಟ್ಟಿ ತೋರಿಸಿ. 1998ರ ಕೆಮಿಸ್ಟ್ರಿ ನೊಬೆಲ್ ವಾಲ್ಟರ್ ಕೋನ್ ಮತ್ತು ಜಾನ್ ಪೋಪಲ್‌ಗೆ. ಅಣುಗಳ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡುವ ದಾರಿ ಕಟ್ಟಿಕೊಟ್ಟಿದ್ದಕ್ಕೆ. 2013ರಲ್ಲಿ ಕಾರ್ಪ್ಲಸ್, ಲೆವಿಟ್, ವಾರ್ಷೆಲ್. 2024ರಲ್ಲಿ ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್, ಜಾನ್ ಜಂಪರ್, ಪ್ರೋಟೀನ್‌ಗಳ ಆಕಾರದ ಕೆಲಸಕ್ಕೆ. ಪಾಠದಲ್ಲಿ ಬಳಕೆಯೂ ಹೊಸದೇನಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ವ್ಯವಸ್ಥೆಯಲ್ಲಿ 1970ರ ದಶಕದಲ್ಲೇ ಆರ್ಗ್ಯಾನಿಕ್ ಕೆಮಿಸ್ಟ್ರಿ ಪಾಠಗಳಿದ್ದವು. ಪರದೆಯನ್ನು ಬೆರಳಲ್ಲಿ ಮುಟ್ಟಿ ಉತ್ತರಿಸಬಹುದಿತ್ತು.

ಬಿ ಕಾಲಂ

ನೊಬೆಲ್ ಸ್ಲೈಡ್ ನೋಡಿ ಯಾರೂ ಬದಲಾಗುವುದಿಲ್ಲ, ಸುಮ್ನೆ ಚಪ್ಪಾಳೆ ತಟ್ಟುತ್ತಾರೆ. ಅವರ ಹೆದರಿಕೆ ಬೇರೆ. ಹುಡುಗರ ಮುಂದೆ ಮೆಷಿನ್ ಕೈಕೊಟ್ಟರೆ ಅವಮಾನ ಅಂತ. ಒಂದು ಪೀರಿಯಡ್‌ಗೆ ಆಗುವಷ್ಟು ಒಂದೇ ಹಾಳೆ ಮಾಡಿಕೊಡಿ. ಏನು ತೆಗೆಯಬೇಕು, ಏನು ಕೇಳಬೇಕು, ಹುಡುಗರು ಏನು ತಪ್ಪು ಹೇಳುತ್ತಾರೆ, ಕರೆಂಟ್ ಹೋದರೆ ಏನು ಮಾಡಬೇಕು. ಮೊದಲ ಸಲ ನೀವು ಹಿಂದೆ ಕೂತಿರಿ.

ಗಸಿ

ಎಐ ಚಾಟ್‌ಬಾಟ್ ಬಗ್ಗೆ ಯಾರೂ ಬರೆದಿಲ್ಲ. ನಾವೆಲ್ಲ ಬಳಸುತ್ತೇವೆ, ಸುಳ್ಳು ಯಾಕೆ ಹೇಳಲಿ.

ಅಣುರೇಣು

ಬಳಸಿ, ಆದರೆ ಪರೀಕ್ಷಿಸಿ. ನಾನು ಅದನ್ನೇ ಒಂದು ಆಟ ಮಾಡಿದ್ದೇನೆ. ಅಣುವನ್ನು ಒಂದೇ ಸಾಲಿನ ಅಕ್ಷರಗಳಲ್ಲಿ ಬರೆಯುವ ಸ್ಮೈಲ್ಸ್ ಅನ್ನುವ ಪದ್ಧತಿ ಇದೆ. ಎಥನಾಲ್ ಅಂದರೆ ಸಿ, ಸಿ, ಓ. ನಡುವಿನ ಸಿ ಮತ್ತು ಓ ಜಾಗ ಬದಲಿಸಿದರೆ ಸಿ, ಓ, ಸಿ. ಅದು ಡೈಮೀಥೈಲ್ ಈಥರ್. ಪರಮಾಣುಗಳ ಎಣಿಕೆ ಅದೇ, ಆದರೆ ಒಂದು 78 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಇನ್ನೊಂದು ಸೊನ್ನೆಗಿಂತ 24 ಡಿಗ್ರಿ ಕೆಳಗೆ. ಚಾಟ್‌ಬಾಟ್ ಹತ್ತಿರ ದೊಡ್ಡ ಅಣುವಿನ ಸ್ಮೈಲ್ಸ್ ಕೇಳಿ, ಅದನ್ನು ಅವೊಗಾಡ್ರೋಗೆ ಹಾಕಿ ಚಿತ್ರ ತೆಗೆಯಿರಿ, ಪಬ್‌ಕೆಮ್ ಅನ್ನುವ ಆನ್‌ಲೈನ್ ರಾಸಾಯನಿಕಗಳ ಪಟ್ಟಿಯಲ್ಲಿರುವ ಚಿತ್ರದ ಜೊತೆ ಹೋಲಿಸಿ. ತಪ್ಪು ಹಿಡಿದವರಿಗೆ ಅಂಕ.

ಹಳೇ ಬ್ಯುರೆಟ್

ಮೂರು ದಿನದಿಂದ ಇದನ್ನೆಲ್ಲ ಓದುತ್ತಿದ್ದೇನೆ. ಒಂದು ವಿಷಯ ಬರೆಯದೆ ಇರಲಾಗಲಿಲ್ಲ.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಕೆಂಪು, ಹಸಿರು ಬೇರೆ ಮಾಡಲು ಬರುತ್ತಿರಲಿಲ್ಲ. ನನಗೆ ಗೊತ್ತಿರಲಿಲ್ಲ. ಮೀಥೈಲ್ ಆರೆಂಜ್ ಟೈಟ್ರೇಶನ್‌ನಲ್ಲಿ ಪ್ರತಿ ಸಲ ತಪ್ಪು ರೀಡಿಂಗ್ ತರುತ್ತಿದ್ದ, ನಾನು ಬೈಯುತ್ತಿದ್ದೆ. ಕೊನೆಗೆ ಪಿಎಚ್ ಸೆನ್ಸರ್ ಒಂದು ಇತ್ತು, ಯಾರೋ ತಂದು ಕಪಾಟಿನಲ್ಲಿಟ್ಟಿದ್ದರು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ತುದಿಯನ್ನು ಫ್ಲಾಸ್ಕಿನೊಳಗೆ ಇಳಿಸಿಕೊಟ್ಟೆ. ಬ್ಯುರೆಟ್ ಅದೇ, ಹನಿ ಅದೇ, ಕೈ ಅವನದೇ. ಪರದೆ ಮೇಲೆ ಗೆರೆ ಬೆಳೆಯುತ್ತ ಹೋಯಿತು. ಗೆರೆ ನೆಟ್ಟಗೆ ಏಳಲು ಶುರು ಮಾಡಿದ ಕೂಡಲೇ ತಿರುಪು ನಿಲ್ಲಿಸಿದ. ಆ ದಿನ ಅವನ ರೀಡಿಂಗ್ ಎಲ್ಲರಿಗಿಂತ ಸರಿ ಇತ್ತು.

ಉಳಿದವರೂ ಬಂದು ಸುತ್ತ ನಿಂತರು. ಅದನ್ನು ನಾನು ಮತ್ತೆ ಕಪಾಟಿಗೆ ಹಾಕಿದ್ದು ಯಾಕೆ ಅಂತ ಈಗ ಯೋಚನೆ ಮಾಡುತ್ತಿದ್ದೇನೆ.

ಬಿ ಕಾಲಂ

ಸರ್, ಆ ಸೆನ್ಸರ್‌ನ ಅಂಕಿಗಳನ್ನು ನನ್ನ ಶೀಟಿನ ಪಕ್ಕದ ಕಾಲಂಗೆ ಹಾಕಿ ಒಂದೇ ಗ್ರಾಫ್‌ನಲ್ಲಿ ತೋರಿಸಿ. ಲೆಕ್ಕದ ಗೆರೆ, ನಿಜದ ಗೆರೆ. ಎರಡೂ ಪೂರ್ತಿ ಕೂಡುವುದಿಲ್ಲ. ಯಾಕೆ ಅಂತ ಕೇಳಿ. ಸಾಂದ್ರತೆ ಸರಿಯಿರಲಿಲ್ಲವೇ, ಸೆನ್ಸರ್ ಸರಿಹೊಂದಿಸಿರಲಿಲ್ಲವೇ, ನಿಮ್ಮ ಪ್ರೀತಿಯ ಗಾಳಿಗುಳ್ಳೆ ಇತ್ತೇ.

ಎರಡನೇ ಬೆಂಚು

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಗುಳ್ಳೆ ಪಾಠವನ್ನು ಹೊಸ ಬ್ಯಾಚಿಗೆ ಪೆನ್ಸಿಲ್‌ನಿಂದ ಶುರು ಮಾಡಿದೆ.

ಮೊದಲು ಕೆಟ್ಟ ಸುದ್ದಿ. ಲಾಗಿನ್ ಆಗುವುದಕ್ಕೇ ಹದಿನೈದು ನಿಮಿಷ ಹೋಯಿತು. ಅರ್ಧ ಹುಡುಗರು ಬಿಸಿಯನ್ನು ಪೂರ್ತಿ ಏರಿಸಿ ಪಾತ್ರೆಯ ಮುಚ್ಚಳ ಹಾರಿಸುವುದರಲ್ಲೇ ಮುಳುಗಿದರು. ಅದನ್ನು ನಿಲ್ಲಿಸಲು ಹೋಗಿ ಸೋತು, ಕೊನೆಗೆ ಅದನ್ನೇ ಪ್ರಶ್ನೆ ಮಾಡಿದೆ: ಮುಚ್ಚಳ ಯಾಕೆ ಹಾರಿತು?

ಚಿತ್ರಗಳಲ್ಲಿ ಹೋದ ವರ್ಷದಷ್ಟೇ ತಪ್ಪುಗಳು. ಹೈಡ್ರೋಜನ್ ಬೇರೆ, ಆಕ್ಸಿಜನ್ ಬೇರೆ. ಇಬ್ಬರು ಗುಳ್ಳೆಯೊಳಗೆ "ಗಾಳಿ" ಅಂತ ಬರೆದಿದ್ದರು. ಸಿಮ್ಯುಲೇಶನ್ ನೋಡಿದ ಮೇಲೆ ಪಕ್ಕದಲ್ಲಿ ಹೊಸ ಚಿತ್ರ ಬರೆದರು. ಆ ಹಾಳೆಗಳನ್ನು ಇಟ್ಟುಕೊಂಡಿದ್ದೇನೆ, ಪ್ಲಾನ್‌ಗೆ ಅವನ್ನೇ ಸೇರಿಸಿ ಕೊಡುತ್ತೇನೆ.

ಪೀರಿಯಡ್ ಮುಗಿಯುವಾಗ ಹಿಂದಿನ ಸಾಲಿನ ಒಬ್ಬ ಪರದೆಗೆ ಬೆರಳಿಟ್ಟು ಕೇಳಿದ: "ಸರ್, ಅಣು ಇಲ್ಲೊಂದು ಅಲ್ಲೊಂದು ಇದೆ. ಮಧ್ಯದಲ್ಲಿ ಏನಿದೆ?" ಏನೂ ಇಲ್ಲ ಅಂದೆ. ಒಂದು ಮಿ.ಲೀ. ನೀರು ಪೂರ್ತಿ ಆವಿಯಾದರೆ ಸುಮಾರು 1,700 ಮಿ.ಲೀ. ಆಗುತ್ತದೆ, ಅಣುಗಳು ಅಷ್ಟೇ, ಹೆಚ್ಚಿದ್ದು ಖಾಲಿ ಜಾಗ ಅಂದೆ. ನಂಬಲಿಲ್ಲ. ಏನಾದರೂ ಇರಲೇಬೇಕು ಅಂತ ವಾದ ಮಾಡುತ್ತಲೇ ಹೊರಗೆ ಹೋದ. ನಾಳೆ ಪಾಠ ಅಲ್ಲಿಂದಲೇ ಶುರು.

ಹಳೇ ಬ್ಯುರೆಟ್

ಅವನನ್ನು ನನ್ನ ಕ್ಲಾಸಿಗೆ ಕಳಿಸಿ.

ಬಿ ಕಾಲಂ ಅವರೇ, ಆ ಶೀಟ್ ಕಳಿಸಿಕೊಡಿ. ಸೂತ್ರ ಅಳಿಸಿದ್ದನ್ನೇ ಕೊಡಿ, ನಾನೂ ಬರೆದು ನೋಡುತ್ತೇನೆ.